ಕಾದ ಮರಳು

ಬೆಳಗಿನ ಜಾವ ಮೂರಕ್ಕೆ ಮಂಡಕ್ಕಿ ಭಟ್ಟಿಗಳು ಹೊತ್ತಿಕೊಳ್ಳುತ್ತವೆ.
ಆರೂವರೆಗೆ ನಮ್ಮ ಔಷಧಾಲಯದ ಬೀಗ ತೆಗೆಯುವಾಗ
ಮೆಟ್ಟಿಲ ಮೇಲೆ ಮಸಿ, ಮಸಿಯ ಮೇಲೆ
ಖಾಸಿಂಬಿ,
ಎಡಗೈಯನ್ನು ಬಲಗೈಯ ಮೇಲಿಟ್ಟುಕೊಂಡು
ಪಕ್ಕದ ಮನೆಯ ಕೂಸನ್ನು ಒಂದು ಗಳಿಗೆ ಹಿಡಿದವಳ ಹಾಗೆ.

ಮೊಣಕೈಯಿಂದ ಮಣಿಕಟ್ಟಿನವರೆಗೆ. ಬಾಣಲೆ ವಾಲಿತಂತೆ.
ಇಂದಿಗೆ ಹನ್ನೊಂದು ದಿನ.
ಹಳೆಯ ಪಟ್ಟಿಯನ್ನು ಉಪ್ಪುನೀರಲ್ಲಿ ನೆನೆಸಿ ಬಿಡಿಸುವುದು ನನ್ನ ಕೆಲಸ.
(ದಾವಣಗೆರೆಯ ಹತ್ತಿ ಗಿರಣಿ ಮುಚ್ಚಿದ ಮೇಲೆ
ಗಾಯದ ಬಟ್ಟೆ ಎಲ್ಲಿಂದಲೋ ಬರುತ್ತದೆ, ತೆಳ್ಳಗೆ.)
"ಅಕ್ಕೀನೂ ನಾವು ಉಪ್ಪುನೀರಾಗ ನೆನಸೋದು"
ಅಂದಿದ್ದಳು ಮೊದಲ ದಿನ.
ಆಮೇಲೆ ಮಾತಿಲ್ಲ.

ನನ್ನ ಹತ್ತಿರ ಮಾತಿತ್ತು, ಬೇಕಾದಷ್ಟು.
ಹರಿಹರದ ಕಾನ್ವೆಂಟಿನಲ್ಲಿ ಸಿಸ್ಟರ್ ಬ್ರಿಜಿತಾ ಕಲಿಸಿದ್ದು:
ನೋವನ್ನು ಹಾಗೇ ಬಿಡಬಾರದು, ಮಡಚಿ
ಶಿಲುಬೆಯ ಬುಡದಲ್ಲಿ ಇಡಬೇಕು,
ಕಾಣಿಕೆ ಡಬ್ಬಿಗೆ ನಾಣ್ಯ ಹಾಕಿದ ಹಾಗೆ, ಸದ್ದು ಕೇಳಿದರೆ ಸಾಕು.
ಹಲ್ಲುನೋವಿಗೆ ಇದು ಒದಗಿತು.
ಅಪ್ಪ ಸತ್ತಾಗಲೂ, ಒಂದು ವಾರ.

ಮತ್ತೆ ಆ ಕಾಳಿನ ಪಾಠ,
ಮಣ್ಣಿಗೆ ಬೀಳುವ, ಸಾಯುವ, ತೆನೆಯಾಗಿ ಏಳುವ ಕಾಳು.
ಖಾಸಿಂಬಿಯ ಕಾಳು ಬೇರೆ.
ಅದನ್ನು ಮೊದಲೇ ಬೇಯಿಸಿರುತ್ತಾರೆ.
ಬೀಳುವುದು ಮರಳಿಗೆ. ಮೊಳೆಯುವುದಿಲ್ಲ.
ಅರಳುತ್ತದೆ, ನಿಜ, ಮಲ್ಲಿಗೆಯಷ್ಟೇ ಬೆಳ್ಳಗೆ;
ಸೇರಿನಲ್ಲಿ ಅಳೆಸಿಕೊಂಡು ಮಿರ್ಚಿಯ ಜೊತೆ ತಿನ್ನುತ್ತದೆ ಊರು.
ಕೈ ಅರಳುವುದಿಲ್ಲ.
ಕೈ ಸುಡುತ್ತದೆ.

ನಿನ್ನೆ ತಪಸ್ಸುಕಾಲದ ನಾಲ್ಕನೆಯ ಶುಕ್ರವಾರ, ಶಿಲುಬೆ ಹಾದಿ.
ಆರನೆಯ ಸ್ಥಳದಲ್ಲಿ ಮೊಣಕಾಲೂರಿ ತಲೆಯೆತ್ತಿದೆ.
ಅವನ ಮುಖ ಒರೆಸಿದ ಹೆಂಗಸು
ನಮ್ಮ ಗೋಡೆಯ ಚಿತ್ರದಲ್ಲಿ ಬಟ್ಟೆಯನ್ನೇ ನೋಡುತ್ತಿದ್ದಾಳೆ,
ಬಟ್ಟೆಯಲ್ಲಿ ಅಚ್ಚಾದ ಮುಖವನ್ನು.
ಎದುರಿಗೆ ನಿಂತವನನ್ನಲ್ಲ.
ಇಪ್ಪತ್ತು ವರ್ಷ ಅದೇ ಚಿತ್ರದ ಕೆಳಗೆ ಕೂತವಳು ನಾನು,
ಗಾಯದ ಅಂಚು, ಬಣ್ಣ, ಕೀವು, ವಾಸನೆ,
ರಿಜಿಸ್ಟರಿನಲ್ಲಿ ಒಂದು ಸಾಲು.

ಇವತ್ತು ಪಟ್ಟಿ ಬಿಚ್ಚುವಾಗ
ನಾಲಿಗೆಗೆ ಬಂದ ದೊಡ್ಡ ಮಾತನ್ನು ನುಂಗಿ
"ಎಲ್ಲಿ?" ಅಂದೆ.
ಹುಚ್ಚು ಪ್ರಶ್ನೆ. ಇಡೀ ಕೈ ಕಣ್ಣೆದುರಿಗಿತ್ತು.
ಆದರೂ ಅವಳು ಬಹಳ ಹೊತ್ತು ಹುಡುಕಿ
ಹೆಬ್ಬೆರಳಿನ ಬುಡದಲ್ಲಿ, ಸುಡದೇ ಉಳಿದ
ಹುಣಿಸೆಬೀಜದಷ್ಟು ಜಾಗ ತೋರಿಸಿದಳು.
"ಇಲ್ಲಿ ನೋಡ್ರಿ. ಇದೊಂದು ಉಳಕೊಂಡೈತಿ.
ಮಿಕ್ಕಿದ್ದೆಲ್ಲ ಇದರ ಕಣ್ಮುಂದ ಸುಟ್ಟೈತಿ."

ಅದಕ್ಕೆ ಹಚ್ಚುವ ಮುಲಾಮು ನನ್ನಲ್ಲಿರಲಿಲ್ಲ.
ಬೆರಳಿಟ್ಟುಕೊಂಡು ಕೂತೆ.
ಹೊರಗೆ ಸಾಲು ಕೆಮ್ಮುತ್ತಿತ್ತು.
ನಾಡಿ ಸಿಗುತ್ತಿತ್ತು, ಅವಳದೋ ನನ್ನದೋ.
ಎಣಿಸಲಿಲ್ಲ.

ನಮ್ಮ ನುಡಿಯಲ್ಲಿ ಮರಳು ಕಾಯುತ್ತದೆ,
ಬಾಗಿಲಲ್ಲಿ ಮಗಳಿಗಾಗಿ ತಾಯಿ ಕಾಯುತ್ತಾಳೆ,
ಹೆದರಬೇಡ, ದೇವರು ಕಾಯುತ್ತಾನೆ.
ಮೂರಕ್ಕೂ ಒಂದೇ ಮಾತು ಇಟ್ಟವರು
ಬೇರೆ ಮಾತು ಹುಡುಕಲು ಬಿಡುವಿಲ್ಲದವರಿರಬೇಕು,
ಇಲ್ಲವೇ ಭಟ್ಟಿಯ ಮುಂದೆ ನಿಂತಿದ್ದವರು.
ಬಾಣಲೆ ವಾಲಿದಾಗ ಅವನು ಕಾಯಲಿಲ್ಲ.
ಅದನ್ನು ಮುಚ್ಚಿಟ್ಟು ನಾನು ಪ್ರಾರ್ಥಿಸಲಾರೆ.
ಆದರೆ ಈಗ ಈ ಬೆರಳಿನಡಿ ಯಾರೋ ಕಾಯುತ್ತಿರುವ ಹಾಗಿದೆ,
ಮರಳಿನ ಹಾಗೋ, ತಾಯಿಯ ಹಾಗೋ,
ಏನೂ ಮಾಡದೆ, ಎದ್ದೂ ಹೋಗದೆ.
ಯಾರು ಅಂತ ಗೊತ್ತಾಯಿತು ಅನ್ನಿಸಿದ ಕ್ಷಣ
ಖಾಸಿಂಬಿ ನನ್ನ ಕಣ್ಣಿನಿಂದ ಜಾರಿದಳು.
ಮತ್ತೆ ಹೆಬ್ಬೆರಳಿನ ಬುಡಕ್ಕೆ ಬಂದೆ.

"ಪಟ್ಟಿ ಕಟ್ರಿ ಅಕ್ಕಾರೆ, ಹತ್ತಕ್ಕ ಜರಡಿ ಹಿಡೀಬೇಕು."
ಒಂದೇ ಕೈಯಲ್ಲಾ?
"ಆ ಕಡಿ ಕೈ ಮಾಬುಬೀದು."